ಕೈಮುಗಿದ ಕೀಟಕ್ಕೆ ರಾಜಮನ್ನಣೆ

ರಾಜ್ಯಕ್ಕೊಂದು ಪ್ರಾಣಿ, ಪಕ್ಷಿ, ಮರ, ಹೂವುಗಳನ್ನು ಲಾಂಛನವಾಗಿ ಗೊತ್ತುಪಡಿಸುವ ಪದ್ಧತಿ ನಮಗೆ ಹೊಸದಲ್ಲ. ಆನೆ, ನೀಲಕಂಠ, ಶ್ರೀಗಂಧ, ಕಮಲಗಳು ಕರ್ನಾಟಕದ ಹೆಗ್ಗುರುತುಗಳು. ಆದರೆ ಅಲ್ಪಜೀವಿಯಾದ ಕೀಟಕ್ಕೂ ಇಂಥ ಮನ್ನಣೆಯುಂಟೆಂಬುದನ್ನು ಬಹುಜನರು ಅರಿಯರು. ಮುಂಗಾಲುಗಳನ್ನು ಜೋಡಿಸಿ ಪ್ರಾರ್ಥಿಸುವಂತೆ ನಿಲ್ಲುವ ಹಸುರು ಕೀಟವನ್ನು ನಮ್ಮ ಹೊಲಗದ್ದೆಗಳಲ್ಲಿ ಎಲ್ಲರೂ ಕಂಡಿರುವೆವು. ಇದೇ ಕುಲದ ಕೀಟವನ್ನು ಅಮೆರಿಕದ ಕನೆಕ್ಟಿಕಟ್ 1977ರಲ್ಲಿಯೂ ದಕ್ಷಿಣ ಕೆರೊಲಿನಾ 1988ರಲ್ಲಿಯೂ ರಾಜ್ಯಕೀಟವಾಗಿ ಅಂಗೀಕರಿಸಿದವು. ನಮ್ಮ ದೇಶದಲ್ಲಿ ಮಹಾರಾಷ್ಟ್ರವು 2015ರಲ್ಲಿ ಮೊದಲಿಗೆ ರಾಜ್ಯಚಿಟ್ಟೆಯನ್ನು ಘೋಷಿಸಿತು. ಅನಂತರ ಕರ್ನಾಟಕವು ಸದರ್ನ್ ಬರ್ಡ್‌ವಿಂಗ್ ಎಂಬ ಕಪ್ಪು-ಹಳದಿ ಬಣ್ಣದ ದೊಡ್ಡ ಚಿಟ್ಟೆಯನ್ನು ಆರಿಸಿಕೊಂಡಿತು.

ಈ ಹಸುರು ಕೀಟವು ಕೈಮುಗಿಯುವುದು ಭಕ್ತಿಯಿಂದಲ್ಲ. ಮುಳ್ಳುಗಳಿರುವ ಆ ಮುಂಗಾಲುಗಳು ಬೇಟೆಯ ಆಯುಧಗಳು. ಅಲುಗಾಡದೆ ಕಾದು, ಹತ್ತಿರ ಬಂದ ನೊಣ, ಪತಂಗ, ಮಿಡತೆಗಳನ್ನು ಕ್ಷಣಮಾತ್ರದಲ್ಲಿ ಹಿಡಿಯುವುದು. ಒಮ್ಮೊಮ್ಮೆ ಜೇನು, ಚಿಟ್ಟೆಗಳೂ ಅದಕ್ಕೆ ಆಹಾರವಾಗುವುದುಂಟು. ನಿಲುವನ್ನು ಕಂಡು ಅದನ್ನು ಭಕ್ತನೆನ್ನಲಾಗದು. ಬೇಟೆಯನ್ನು ಕಂಡು ದುಷ್ಟನೆನ್ನಲೂ ಆಗದು. ಅದು ತನ್ನ ಕಾಯಕದಲ್ಲಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜನರಿಗೆ ಕೀಟದ ಬೆಲೆಯನ್ನು ಪರರು ತಿಳಿಸಬೇಕಾಗಿಲ್ಲ. ರೇಷ್ಮೆಹುಳುವಿನಿಂದ ಇಲ್ಲಿ ಎಷ್ಟೋ ಮನೆಗಳ ಒಲೆ ಉರಿದಿದೆ, ಮಕ್ಕಳ ಮದುವೆ ನಡೆದಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರಾದುದು. ಔಷಧಿ ಹೊಡೆದ ಸೊಪ್ಪು ಹುಳುವಿಗೆ ಮೃತ್ಯುವೆಂಬುದನ್ನು ಹಿಪ್ಪುನೇರಳೆ ಬೆಳೆಯುವವರು ಬಲ್ಲರು. ಆ ಎಚ್ಚರವು ಮಾವಿನ ತೋಪಿಗೂ ತರಕಾರಿ ಮಡಿಗೂ ಸಲ್ಲಬೇಕು. ಅಲ್ಲಿ ಅಳತೆಗೆಟ್ಟು ಸುರಿದ ವಿಷವು ಪೀಡೆಯ ಹುಳುವಿನೊಡನೆ ಅದನ್ನು ತಿನ್ನುವ ಬೇಟೆಗಾರನನ್ನೂ ಕೊಲ್ಲುತ್ತದೆ.

ವಿಷದ ದಾರಿ ಎಷ್ಟು ದೂರ ಸಾಗುವುದೆಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧಿಯು ಕಳೇಬರದ ಮೂಲಕ ಅವುಗಳ ಒಡಲನ್ನು ಸೇರಿ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. 2006ರಲ್ಲಿ ಆ ಔಷಧಿಯ ಪಶುಬಳಕೆಯನ್ನು ನಿಷೇಧಿಸಲಾಯಿತು. 2012ರಲ್ಲಿ ರಾಮದೇವರಬೆಟ್ಟವು ದೇಶದ ಮೊದಲ ರಣಹದ್ದು ಧಾಮವಾಯಿತು. ಘೋಷಣೆಯಿಂದ ಹೆಸರು ಬರುವುದು. ಉಳಿವು ಬರುವುದು ವಿಷವನ್ನು ತಡೆದಾಗ.

ನಮ್ಮ ಸೀಮೆಯ ಕೈಮುಗಿದ ಕೀಟಕ್ಕೆ ಸರ್ಕಾರದ ಪಟ್ಟ ದೊರೆಯಲೇಬೇಕೆಂದಿಲ್ಲ. ಗಿಡದ ಕಡ್ಡಿಗೆ ಅಂಟಿಕೊಂಡು, ನೊರೆ ಒಣಗಿ ಗಟ್ಟಿಯಾದಂತೆ ಕಾಣುವ ಕಂದು ಗೂಡು ಅದರ ಮೊಟ್ಟೆಗಳ ಮನೆ. ಹಿತ್ತಿಲಲ್ಲಿ ಅದು ಕಂಡಾಗ ಕೆರೆದು ಎಸೆಯದಿರುವಂತೆ ಮಕ್ಕಳಿಗೆ ಕಲಿಸಿದರೆ, ನಮ್ಮ ಮನೆಯ ಮನ್ನಣೆ ಅದಕ್ಕೆ ಸಂದಂತೆಯೇ.