ಮನೆಯ ಸರ್ವರ್ ಏಳದಿದ್ದರೆ ಮಾಹಿತಿ ಹೋದಂತೆಯೇ?

ಮಕ್ಕಳ ಹುಟ್ಟುಹಬ್ಬದ ಚಿತ್ರಗಳು, ಮದುವೆಯ ವಿಡಿಯೊ, ಅಂಕಪಟ್ಟಿಗಳ ಪ್ರತಿ, ಕಾಲೇಜಿನ ಪ್ರಾಜೆಕ್ಟ್ ವರದಿ - ಒಂದು ಕಾಲದಲ್ಲಿ ಟ್ರಂಕಿನಲ್ಲೋ ಬೀರುವಿನಲ್ಲೋ ಇರುತ್ತಿದ್ದ ಇವೆಲ್ಲ ಈಗ ಹಾರ್ಡ್ ಡಿಸ್ಕ್ ಸೇರಿವೆ. ಎರಡು-ಮೂರು ಡಿಸ್ಕ್‌ಗಳನ್ನು ಒಂದೇ ಕಂಪ್ಯೂಟರಿನಲ್ಲಿ ಕೂಡಿಸಿ, ಮನೆಮಂದಿಯೆಲ್ಲ ಬಳಸುವಂತೆ ಜಾಲಕ್ಕೆ ಜೋಡಿಸುವವರೂ ಇದ್ದಾರೆ. ಇದೇ ಮನೆಯ ಸಂಗ್ರಹ ಸರ್ವರ್. ಒಂದು ದಿನ ಅದರ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ. ಆದರೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂದು ಪರದೆ ದೂರುತ್ತದೆ. ಹಾಗಾದರೆ ಹತ್ತು ವರ್ಷದ ಚಿತ್ರಗಳೆಲ್ಲ ಹೋದವೆ?

ಬಹುಪಾಲು ಸಂದರ್ಭಗಳಲ್ಲಿ ಹೋಗಿರುವುದಿಲ್ಲ. ಅವು ನಿಜವಾಗಿ ಹೋಗುವುದು ಅನಂತರದ ಗಾಬರಿಯಲ್ಲಿ.

ಎರಡು ಬಗೆಯ ಡಿಸ್ಕ್

ಇಂಥ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಡಿಸ್ಕ್‌ಗಳಿರುತ್ತವೆ. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಇರುವುದು ಬೂಟ್ ಡಿಸ್ಕ್‌ನಲ್ಲಿ. ಮನೆಯವರ ಕಡತಗಳಿರುವುದು ಬೇರೆ ಡಿಸ್ಕ್‌ಗಳಲ್ಲಿ. ಗ್ರಂಥಪಾಲಕರು ರಜೆ ಹಾಕಿದರೆ ಗ್ರಂಥಾಲಯದ ಬಾಗಿಲು ತೆರೆಯದಿರಬಹುದು. ಪುಸ್ತಕಗಳು ಮಾತ್ರ ಕಪಾಟಿನಲ್ಲೇ ಇರುತ್ತವೆ. ಇದೂ ಹಾಗೆಯೇ.

ಬೂಟ್ ಡಿಸ್ಕ್ ಆಗಿ ಹಲವರು ಅಗ್ಗದ ಪೆನ್ ಡ್ರೈವ್ ಬಳಸುತ್ತಾರೆ. ಅದರೊಳಗಿನ ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶವೂ ಎಲೆಕ್ಟ್ರಾನುಗಳನ್ನು ತೆಳುವಾದ ನಿರೋಧಕ ಪದರದ ಹಿಂದೆ ಹಿಡಿದಿಡುತ್ತದೆ. ಬರೆದು ಅಳಿಸಿದಷ್ಟೂ ಆ ಪದರ ಸವೆಯುತ್ತದೆ. ಆಪರೇಟಿಂಗ್ ಸಿಸ್ಟಮ್ ದಿನವಿಡೀ ಏನಾದರೊಂದು ಬರೆಯುತ್ತಲೇ ಇರುವುದರಿಂದ ಪೆನ್ ಡ್ರೈವ್ ಬೇಗ ಸೋಲುತ್ತದೆ.

ಡಿಸ್ಕ್ ಮೇಲೇ ವಿಳಾಸ

ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ 'ರೇಡ್' ವಿಧಾನವನ್ನು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ 1988ರ ಪ್ರಬಂಧದಲ್ಲಿ ವಿವರಿಸಿದರು. ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿ 2005ರಲ್ಲಿ ಮುಕ್ತಗೊಳಿಸಿದ 'ಝಡ್‌ಎಫ್‌ಎಸ್' ಇಂದು ಅನೇಕ ಮನೆಯ ಸರ್ವರ್‌ಗಳಲ್ಲಿದೆ. ತಾನು ಯಾವ ಗುಂಪಿಗೆ ಸೇರಿದ್ದೇನೆ, ಅದರಲ್ಲಿ ತನ್ನ ಸ್ಥಾನವೇನು ಎಂಬುದನ್ನು ಇಲ್ಲಿ ಪ್ರತಿ ಡಿಸ್ಕೂ ತನ್ನ ಮೇಲೆಯೇ ಬರೆದುಕೊಂಡಿರುತ್ತದೆ. ಆ ಚೀಟಿಗೆ ನಾಲ್ಕು ಪ್ರತಿಗಳು: ಡಿಸ್ಕ್‌ನ ಆರಂಭದಲ್ಲಿ ಎರಡು, ಕೊನೆಯಲ್ಲಿ ಎರಡು. ಆದ್ದರಿಂದ ಹೊಸ ಆಪರೇಟಿಂಗ್ ಸಿಸ್ಟಮ್ ಈ ಚೀಟಿಗಳನ್ನು ಓದಿ ಗುಂಪನ್ನು ಮತ್ತೆ ಕಟ್ಟಬಲ್ಲದು.

ಆತುರ ಬೇಡ

ಮೊದಲು ಕೇಬಲ್ ಸಡಿಲವಾಗಿದೆಯೇ ನೋಡಬೇಕು. ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ಮುಗಿದಿದ್ದರೆ ಬೂಟ್ ಕ್ರಮ ಮರೆತುಹೋಗಿರಲೂಬಹುದು. ಆಗ ಅದನ್ನು ಬದಲಿಸಿ ಕ್ರಮ ಸರಿಪಡಿಸಿದರೆ ಸಾಕು.

ಬೂಟ್ ಡಿಸ್ಕೇ ಕೆಟ್ಟಿದ್ದರೆ, ವಿದ್ಯುತ್ ಸಂಪರ್ಕ ತೆಗೆದು, ಕಡತಗಳಿರುವ ಡಿಸ್ಕ್‌ಗಳನ್ನೆಲ್ಲ ಗುರುತು ಹಾಕಿ ಬಿಚ್ಚಿಡಬೇಕು. ಇದು ಅತಿ ಮುಖ್ಯ. ಹೊಸ ವ್ಯವಸ್ಥೆ ಅನುಸ್ಥಾಪಿಸುವಾಗ ತಪ್ಪು ಡಿಸ್ಕ್ ಆರಿಸಿದರೆ ಚಿತ್ರಗಳ ಮೇಲೆಯೇ ಬರೆದಂತಾಗುತ್ತದೆ. ಹೊಸ ಬೂಟ್ ಡಿಸ್ಕ್‌ಗೆ ಹಿಂದಿನ ಆವೃತ್ತಿಯನ್ನೋ ಅದಕ್ಕಿಂತ ಹೊಸದನ್ನೋ ಹಾಕಬೇಕು. ತೀರ ಹಳೆಯದಾದರೆ ಗುಂಪನ್ನು ಓದಲು ಬಾರದೇ ಹೋಗಬಹುದು. ಬಳಿಕ ಡಿಸ್ಕ್‌ಗಳನ್ನು ಮರಳಿ ಜೋಡಿಸಿ 'ಇಂಪೋರ್ಟ್' ಎಂಬ ಆಜ್ಞೆ ಕೊಡಬೇಕು. 'ಕ್ರಿಯೇಟ್' ಎಂದರೆ ಹೊಸ ಗುಂಪು ಹುಟ್ಟಿ ಹಳೆಯದು ಅಳಿಯುತ್ತದೆ. ಒಂದು ಪದದ ಅಂತರದಲ್ಲಿ ಹತ್ತು ವರ್ಷಗಳಿವೆ!

ಈ ಗುಂಪು ಬೇರೊಂದು ಯಂತ್ರದ ಬಳಕೆಯಲ್ಲಿದೆ ಎಂಬ ಎಚ್ಚರಿಕೆ ಬರಬಹುದು. ಹಳೆಯ ವ್ಯವಸ್ಥೆ ವಿದಾಯ ಹೇಳದೆ ಹೋದದ್ದೇ ಇದಕ್ಕೆ ಕಾರಣ. ಆ ಡಿಸ್ಕ್‌ಗಳು ಬೇರೆಲ್ಲೂ ಬಳಕೆಯಲ್ಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಒತ್ತಾಯದ ಇಂಪೋರ್ಟ್ ಮಾಡಬೇಕು.

ಕಡತಗಳು ಕಂಡರೂ ತೆರೆಯದಿದ್ದರೆ ಹೆದರಬೇಕಿಲ್ಲ. ಲಿನಕ್ಸ್‌ನಂಥ ವ್ಯವಸ್ಥೆಗಳು ಕಡತದ ಒಡೆಯನನ್ನು ಹೆಸರಿನಿಂದಲ್ಲ, 1001ರಂಥ ಸಂಖ್ಯೆಯಿಂದ ಗುರುತಿಸುತ್ತವೆ. ಹೊಸ ಖಾತೆಗೆ ಹಳೆಯ ಸಂಖ್ಯೆಯನ್ನೇ ಕೊಟ್ಟರೆ ಬಾಗಿಲು ತೆರೆಯುತ್ತದೆ.

ಮರಳಿ ಬಾರದ್ದು

ಒಂದು ನಷ್ಟಕ್ಕೆ ಮಾತ್ರ ಪರಿಹಾರವಿಲ್ಲ. ಕಡತಗಳನ್ನು ಗೂಢಲಿಪಿಯಲ್ಲಿಟ್ಟು, ಅದರ ಕೀಲಿಯನ್ನು ಬೂಟ್ ಡಿಸ್ಕ್‌ನಲ್ಲಷ್ಟೇ ಉಳಿಸಿದ್ದರೆ, ಡಿಸ್ಕ್‌ಗಳು ಗಟ್ಟಿಮುಟ್ಟಾಗಿದ್ದರೂ ಒಳಗಿನದು ಯಾರಿಗೂ ದಕ್ಕದು. ಆದ್ದರಿಂದ ಆ ಕೀಲಿಯನ್ನೂ ಸರ್ವರ್‌ನ ಸೆಟ್ಟಿಂಗ್ ಕಡತವನ್ನೂ ಇಂದೇ ಬೇರೆ ಕಡೆ ನಕಲು ಮಾಡಿಡುವುದು ಲೇಸು. ಡಿಸ್ಕ್‌ಗಳ ಕ್ರಮಸಂಖ್ಯೆ ಮತ್ತು ಖಾತೆಗಳ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಮನೆಯ ವಿದ್ಯಾರ್ಥಿಗಳಿಗೇ ವಹಿಸಬಹುದು.

ರೇಡ್ ಇದೆಯೆಂದು ಮೈಮರೆಯುವಂತಿಲ್ಲ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡೀತು. ಕೈತಪ್ಪಿ ಅಳಿಸಿದ ಕಡತವನ್ನು ಎಲ್ಲ ಡಿಸ್ಕ್‌ಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಸಿಡಿಲು, ಕಳವು, ಬೆಂಕಿಗಳಿಗೂ ಅದು ಉತ್ತರವಲ್ಲ. ಕಳೆದುಕೊಳ್ಳಲಾಗದ ಕಡತಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಬೇಕು. ಅದು ತೆರೆಯುತ್ತದೆಯೇ ಎಂದು ಆಗಾಗ ನೋಡುತ್ತಲೂ ಇರಬೇಕು.