ಕಲ್ಲಾನೆಯ ಭಾರ ಹೊತ್ತ ತೋಳು

ಮುಂಬೈಯ ಬೈಕುಲ್ಲಾದ ರಾಣಿ ಬಾಗ್‌ನಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕ, ಕಪ್ಪು ಕಲ್ಲಿನ ಆನೆಯೊಂದು ನಿಂತಿದೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಅಲ್ಲಿ ನಿಂತಿದ್ದ ಇದನ್ನು ಕಂಡೇ. 1814ರಲ್ಲಿ ಅದರ ತಲೆ, ಕತ್ತು ಕಳಚಿ ಬಿದ್ದವು. 1864ರಲ್ಲಿ ಬ್ರಿಟಿಷರು ಉಳಿದದ್ದನ್ನು ಇಂಗ್ಲೆಂಡಿಗೆ ಒಯ್ಯಲು ಎತ್ತಿದಾಗ ಕ್ರೇನಿನ ತೋಳೇ ಮುರಿದು ಆನೆ ಚೂರಾಯಿತು.

ಕ್ರೇನು ಎತ್ತುವುದು ರಾಟೆಗಳ ನೆರವಿನಿಂದ. ರಾಟೆಗಳಿದ್ದರೆ ಭಾರ ಹಗುರಾಗುತ್ತದೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಹಗ್ಗದ ನಾಲ್ಕು ಎಳೆಗಳು ಹೊತ್ತರೆ 1 ಟನ್ ಕಲ್ಲಿಗೆ 250 ಕಿಲೋ ಎಳೆತ ಸಾಕು. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕಲ್ಲು 1 ಮೀಟರ್ ಏರಲು ಹಗ್ಗ 4 ಮೀಟರ್ ಎಳೆಯಬೇಕು, ಅಷ್ಟೇ. ಇದೇ ಯಾಂತ್ರಿಕ ಲಾಭ. ಪಾಠ ಇಲ್ಲಿಗೇ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಲಾಭ ಎಳೆಯುವ ಕೈಗೆ ಬಂತು. ರಾಟೆ ತೂಗಿದ ಕೊಕ್ಕೆಗೆ ಏನಾಯಿತು?

ಬಾವಿಯ ರಾಟೆಯಲ್ಲಿ 10 ಕಿಲೋ ಕೊಡವನ್ನು ಸೇದುವಾಗ ಮೇಲಿನ ತೊಲೆಗೆ ಬೀಳುವುದು 20 ಕಿಲೋ: ಕೊಡದ್ದು ಹತ್ತು, ಕೈಯದ್ದು ಹತ್ತು. ನಾಲ್ಕೆಳೆಯ ರಾಟೆಯಲ್ಲಿ ಹಗ್ಗವನ್ನು ಕೆಳಕ್ಕೆ ಜಗ್ಗಿದರೆ ಕೊಕ್ಕೆಗೆ 1,250 ಕಿಲೋ. ಎಷ್ಟೇ ರಾಟೆ ಸೇರಿಸಿದರೂ ಅದು ಕಲ್ಲಿನ ತೂಕಕ್ಕಿಂತ ಕೆಳಗಿಳಿಯದು.

ಕ್ರೇನಿನಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ನೆಟ್ಟಗಿನ ಕಂಬ, ಅದರ ಬುಡದಿಂದ ಓರೆಯಾಗಿ ಚಾಚಿದ ತೋಳು, ತೋಳಿನ ತುದಿಯನ್ನು ಕಂಬದ ತಲೆಗೆ ಬಿಗಿದ ಹಗ್ಗ: ಒಂದು ತ್ರಿಕೋನ. ಕಂಬದ ಎತ್ತರವನ್ನು ಭಾರದ ಅಳತೆಯಾಗಿ ಹಿಡಿದರೆ ತೋಳಿನ ಉದ್ದವೇ ಅದರ ಮೇಲಿನ ಒತ್ತಡವನ್ನು ಹೇಳುತ್ತದೆ. ಕಂಬ 3 ಮೀಟರ್, ತೋಳು 6 ಮೀಟರ್ ಇದ್ದರೆ 1 ಟನ್ ಕಲ್ಲು ತೋಳನ್ನು 2 ಟನ್ ಬಲದಿಂದ ಅದುಮುತ್ತದೆ. ಎತ್ತುವ ಹಗ್ಗದ ಸೆಳೆತ ಬೇರೆ. ಆನೆಯನ್ನು ಕಡೆದ ಬಸಾಲ್ಟ್ ಶಿಲೆಯೋ, ಒಂದು ಘನ ಮೀಟರಿಗೇ ಸುಮಾರು 3 ಟನ್ ತೂಗುವಂಥದ್ದು. ಹಿಡಿಕೆ ತಿರುಗಿಸುವವನ ಕೈಗೆ ಹಗುರವೆನಿಸುತ್ತಿರುವಾಗಲೇ ತೋಳು ಸೋಲುವ ಹಂತಕ್ಕೆ ಬಂದಿರಬಹುದು. ಅಪಾಯ ಇರುವುದು ಅಲ್ಲೇ.

ಆನೆಯ ಚೂರುಗಳು ಬೈಕುಲ್ಲಾ ಸೇರಿದವು. 1914ರಲ್ಲಿ ಕ್ಯಾಡೆಲ್ ಮತ್ತು ಹ್ಯೂವೆಟ್ ಎಂಬವರು ಅವುಗಳನ್ನು ಜೋಡಿಸಿ ಆನೆಯನ್ನು ಮತ್ತೆ ನಿಲ್ಲಿಸಿದರು.

ಇಂದು ಬೈಕುಲ್ಲಾದ ಹಳೆಯ ಗಿರಣಿ ಜಾಗಗಳಲ್ಲಿ ಗಗನಚುಂಬಿಗಳು ಏಳುತ್ತಿವೆ. ಅಲ್ಲಿನ ಟವರ್ ಕ್ರೇನಿನ ತೋಳಿನುದ್ದಕ್ಕೂ ಫಲಕಗಳನ್ನು ನೋಡಬಹುದು: ಕೊಕ್ಕೆ ತುದಿಯತ್ತ ಸರಿದಷ್ಟೂ ಎತ್ತಬಹುದಾದ ತೂಕ ಇಳಿಯುತ್ತದೆ. ಮಿತಿ ಮೀರಿದರೆ ಚಾಲಕ ಗುಂಡಿ ಒತ್ತಿದರೂ ಯಂತ್ರ ಎತ್ತುವುದಿಲ್ಲ.