ಯಾರ ಹಾಸಿಗೆಯ ಬಳಿಗೆ ಮೊದಲು?

ಹೊಂಬಳ ಗ್ರಾಮದ ಮನೆಗಳಲ್ಲಿ ದೊಡ್ಡ ಬೇನೆ ಕಾಣಿಸಿಕೊಂಡೊಡನೆ ಗದಗಿನ ದಾರಿ ಹಿಡಿಯುವುದು ರೂಢಿ. ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ಸ್ಥಾಪಿಸಿದ, ಜನರು ಜರ್ಮನ್ ದವಾಖಾನೆಯೆಂದು ಕರೆಯುವ ಆಸ್ಪತ್ರೆಯಿರಲಿ, 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿರಲಿ, ಗುಣಹೊಂದಿ ಮರಳಿದವರು ವೈದ್ಯರ ಕೈಗುಣವನ್ನು ಕೃತಜ್ಞತೆಯಿಂದ ಸ್ಮರಿಸುವುದುಂಟು. ಆದರೆ ಆ ವೈದ್ಯರು ಮನೆಗೆ ತೆರಳಿದ ಮೇಲೆ ಇರುಳೆಲ್ಲ ವಾರ್ಡನ್ನು ಕಾಯ್ದ ಶುಶ್ರೂಷಕಿಯ ವಿವೇಚನೆ, ಕಣ್ಣಿಗೆ ಬೀಳುವ ವಸ್ತುವಲ್ಲವಾದ್ದರಿಂದ, ಯಾರ ಮಾತಿನಲ್ಲಿಯೂ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯ ವಾರ್ಡೊಂದನ್ನು ಊಹಿಸಿಕೊಳ್ಳೋಣ. ಅಂಡವಾಯುವಿನ ಶಸ್ತ್ರಕ್ರಿಯೆಯಾದವನು ನೋವಿನಿಂದ ಕೂಗುತ್ತಿದ್ದಾನೆ. ಇನ್ನೊಂದು ಕಡೆಯಿಂದ 'ಸಿಸ್ಟರ್, ಬಾಟ್ಲಿ ಮುಗದೈತ್ರಿ' ಎಂಬ ಕರೆ. ಮಧುಮೇಹಿಗೆ ಇನ್ಸುಲಿನ್ ಕೊಡುವ ಹೊತ್ತಾಗಿದೆ. ಮೂಲೆಯ ಹಾಸಿಗೆಯಲ್ಲಿ ಮಧ್ಯಾಹ್ನ ಹೊಟ್ಟೆಯ ಶಸ್ತ್ರಕ್ರಿಯೆಯಾದವನೊಬ್ಬ ಏನನ್ನೂ ಕೇಳದೆ ಮಲಗಿದ್ದಾನೆ. ಅನುಭವಿಯಾದ ಶುಶ್ರೂಷಕಿ ಮೊದಲು ಹೋಗುವುದು ಈ ಮೌನಿಯ ಬಳಿಗೆ. ನಾಡಿ ನಿಮಿಷಕ್ಕೆ 118, ಉಸಿರು 24, ಮೇಲಿನ ರಕ್ತದೊತ್ತಡ 108. ಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅಷ್ಟು ಭಯಂಕರವಲ್ಲ. ಆದರೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿದ ಮುನ್ನೆಚ್ಚರಿಕೆಯ ಅಂಕಪದ್ಧತಿಯಂತೆ ಎಣಿಸಿದರೆ ಎರಡು, ಎರಡು, ಒಂದು ಕೂಡಿ ಐದಾಗುತ್ತದೆ, ಮತ್ತು ಐದು ಎಂದರೆ ವೈದ್ಯರನ್ನು ತಡಮಾಡದೆ ಕರೆಯಬೇಕೆಂದು ಅರ್ಥ. ಒಳಗೆ ರಕ್ತಸ್ರಾವವಾಗುತ್ತಿದ್ದರೆ ದೇಹವು ನಾಡಿಯ ವೇಗವನ್ನು ಹೆಚ್ಚಿಸಿ, ರಕ್ತನಾಳಗಳನ್ನು ಬಿಗಿಹಿಡಿದು, ಒತ್ತಡವನ್ನು ಕೆಲಕಾಲ ಕಾಪಾಡಿಕೊಳ್ಳಬಲ್ಲದು. ಒತ್ತಡ ಕುಸಿದ ಮೇಲೆ ಎಚ್ಚತ್ತರೆ ಅಮೂಲ್ಯವಾದ ಸಮಯ ಕಳೆದುಹೋಗಿರುತ್ತದೆ. ಆದ್ದರಿಂದ ಆಕೆ ಗಾಯದ ಪಟ್ಟಿಯನ್ನೂ ಹೊಟ್ಟೆಯ ಬಿಗಿತವನ್ನೂ ಪರೀಕ್ಷಿಸುತ್ತಾಳೆ. ಮೂತ್ರದ ಚೀಲವನ್ನು ನೋಡುತ್ತಾಳೆ, ಏಕೆಂದರೆ ಐವತ್ತು ಕಿಲೋ ತೂಕದವನಿಗೆ ಗಂಟೆಗೆ ಇಪ್ಪತ್ತೈದು ಮಿಲಿಲೀಟರಿಗಿಂತ ಕಡಿಮೆ ಮೂತ್ರವಾದರೆ ಅದೂ ಒಂದು ಸೂಚನೆಯೇ.

ಹಾಗೆಂದು ಕೂಗುವವನ ನೋವು ಸುಳ್ಳಲ್ಲ. ಅದು ಸ್ವಲ್ಪ ಕಾಯಬಲ್ಲದು, ಅಷ್ಟೆ. ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ ಎಂಬ ಕ್ರಮವನ್ನು ಪುಸ್ತಕದಿಂದ ಕಲಿಯಬಹುದು. ಈ ರೋಗಿ ಸಂಜೆ ಇದ್ದಂತೆ ಈಗಿಲ್ಲವೆಂಬ ಅರಿವು ಮಾತ್ರ ಹೊಂಬಳದ ರೈತನು ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿತ್ತನೆಯ ಹದವನ್ನು ತಿಳಿಯುವಂತೆ ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು. ಶುಶ್ರೂಷಾಶಾಸ್ತ್ರದ ವಿದ್ವಾಂಸೆ ಪ್ಯಾಟ್ರಿಶಿಯಾ ಬೆನ್ನರ್ 1984ರ ತಮ್ಮ ಗ್ರಂಥದಲ್ಲಿ ಹೊಸಬಳಿಂದ ಪರಿಣತೆಯವರೆಗಿನ ಐದು ಹಂತಗಳನ್ನು ವಿವರಿಸಿದ್ದು ಈ ಜ್ಞಾನವನ್ನು ಕುರಿತೇ. ಇದನ್ನು ಬರಿಯ ಸೇವಾಭಾವವೆಂದು ಹೊಗಳಿ ಸುಮ್ಮನಾಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಇದು ವಿದ್ಯೆ.

ರೋಗಿಯ ಜೊತೆಗೆ ಆಸ್ಪತ್ರೆಯಲ್ಲಿ ಉಳಿಯುವ ಬಂಧುಗಳಲ್ಲಿ ಒಂದು ಬಿನ್ನಹ. ಶುಶ್ರೂಷಕಿ ಇನ್ನೊಬ್ಬರ ನಾಡಿಯನ್ನು ಎಣಿಸುತ್ತಿರುವಾಗ ಬಾಟಲಿಗಾಗಿ ಆಕೆಯನ್ನು ಗದರಿಸಬೇಡಿ. ಆದರೆ ನಿಮ್ಮ ರೋಗಿ ತಣ್ಣನೆ ಬೆವರಿದರೆ, ಉಸಿರು ಬಿರುಸಾದರೆ, ಮಾತು ತಡವರಿಸಿದರೆ, ಯಾವ ಹೊತ್ತಾದರೂ ಸಂಕೋಚಪಡದೆ ಆಕೆಯನ್ನು ಕರೆಯಿರಿ.